ಬಾಗಿಲ ಮುಂದಿನ ಇಪ್ಪತ್ತೆಂಟು ಚುಕ್ಕಿ

ಯಾರಾದರೂ ದೆವ್ವ, ಪವಾಡ, ದೇವರ ಸೂಚನೆ ಎಂದು ಕತೆ ಶುರು ಮಾಡಿದರೆ ಕಾಫಿಗೆ ಹಾಲು ಇಡುವ ನೆಪದಲ್ಲಿ ಎದ್ದು ಹೋಗುವವಳು ನಾನು. ಹತ್ತು ವರ್ಷದಿಂದ ಪದ್ಮನಾಭನಗರದ ಟ್ಯೂಷನ್ ಸೆಂಟರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಲೆಕ್ಕಕ್ಕೆ ಸಿಗದ ಸಂಗತಿ ಎಂದರೆ ಎಲ್ಲೋ ಒಂದು ಸಾಲು ಬಿಟ್ಟುಹೋಗಿದೆ ಎಂದೇ ನನ್ನ ನಂಬಿಕೆಯಾಗಿತ್ತು. ಆದರೆ ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ನಮ್ಮ ಮನೆ ಬಾಗಿಲಲ್ಲಿ ಕಂಡದ್ದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ. ನಂಬಿ ಎಂದು ಒತ್ತಾಯಿಸುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಾನೂ ಹಾಲು ಇಡಲು ಎದ್ದು ಹೋಗುತ್ತಿದ್ದೆ.

ಆಗ ನಾನು ಮೂರು ವರ್ಷದಿಂದ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ರಾತ್ರಿ ಊಟವಾದ ಮೇಲೆ ದಿನಕ್ಕೊಂದು. ಅದಕ್ಕೂ ಮುಂಚಿನ ಕಾಲವನ್ನು ವಿವರಿಸಲು ಈಗ ಮನಸ್ಸಿಲ್ಲ. ತಲೆ ಬಾಚಿಕೊಳ್ಳುವುದೂ ಬೆಟ್ಟದಂಥ ಕೆಲಸ ಅನ್ನಿಸುತ್ತಿತ್ತು ಎಂದರೆ ಸಾಕು. ಆ ಮಾತ್ರೆಯಿಂದಲೇ ನಾನು ಮತ್ತೆ ಬೋರ್ಡಿನ ಮುಂದೆ ನಿಂತಿದ್ದೆ. ನನ್ನ ಗಂಡ ಮಂಜು ಭಾನುವಾರದ ತರಕಾರಿಯ ಜೊತೆಗೇ ಮೆಡಿಕಲ್ ಶಾಪಿನಿಂದ ಸ್ಟ್ರಿಪ್ ತಂದು ಫ್ರಿಜ್ಜಿನ ಮೇಲೆ ಇಡುತ್ತಿದ್ದ. ಬಾಯಲ್ಲಿ ಏನೂ ಕೇಳುತ್ತಿರಲಿಲ್ಲ, ಖಾಲಿಯಾದ ಗುಳಿಗಳನ್ನು ಮಾತ್ರ ಕಣ್ಣಲ್ಲೇ ಎಣಿಸಿಕೊಳ್ಳುತ್ತಿದ್ದ.

ನಾನು ಬಸುರಿ ಎಂದು ಗೊತ್ತಾದ ದಿನ ಶ್ರೀನಗರದಲ್ಲಿದ್ದ ನಮ್ಮತ್ತೆಗೆ ಫೋನು ಮಾಡಿದೆವು. ಅವರು ಖುಷಿಪಟ್ಟು, ಆಮೇಲೆ ದನಿ ತಗ್ಗಿಸಿ, "ಮೂರು ತಿಂಗಳು ತುಂಬೋವರೆಗೂ ಯಾರ ಹತ್ರನೂ ಬಾಯಿ ಬಿಡಬೇಡ ಕಣೇ, ದೃಷ್ಟಿ ಆಗತ್ತೆ" ಎಂದರು. ದೃಷ್ಟಿಗಿಷ್ಟಿಯನ್ನು ನಂಬದ ನಾನು ಈ ಮಾತನ್ನು ಮಾತ್ರ ಅಕ್ಷರಶಃ ಪಾಲಿಸಿದೆ. ಎಷ್ಟರ ಮಟ್ಟಿಗೆ ಎಂದರೆ, ನನಗೆ ಮಾತ್ರೆ ಬರೆದುಕೊಟ್ಟ ಮನೋವೈದ್ಯರಿಗೂ ಹೇಳಲಿಲ್ಲ. ಹೆರಿಗೆ ಡಾಕ್ಟರು "ಬೇರೆ ಏನಾದ್ರೂ ಮೆಡಿಸಿನ್ ತಗೋತಿದೀರಾ?" ಎಂದು ಕೇಳಿದಾಗ, ಇಲ್ಲ ಎಂದು ತಲೆಯಾಡಿಸಿದೆ. ಸುಳ್ಳು ಹೇಳಿದಂತೆಯೂ ಅನ್ನಿಸಲಿಲ್ಲ. ಏಕೆಂದರೆ ಹಿಂದಿನ ರಾತ್ರಿ ಮೊಬೈಲಿನಲ್ಲಿ ಸಿಕ್ಕಸಿಕ್ಕದ್ದನ್ನೆಲ್ಲ ಓದಿ ಹೆದರಿ, ಮಾತ್ರೆಯನ್ನು ನಾನೇ ನಿಲ್ಲಿಸಿಬಿಟ್ಟಿದ್ದೆ. ಮಗುವಿಗೆ ಏನಾದರೂ ಆದರೆ ಅದು ನನ್ನಿಂದ ಆಗಬಾರದು, ಅಷ್ಟೇ ತಲೆಯಲ್ಲಿದ್ದದ್ದು.

ಮಂಜುಗೆ ಹೇಳಿದರೆ ಮರುದಿನವೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾನೆ ಎಂದು ಗೊತ್ತಿತ್ತು. ಹಾಗಾಗಿ ದಿನಾ ರಾತ್ರಿ ಸ್ಟ್ರಿಪ್ಪಿನಿಂದ ಒಂದು ಮಾತ್ರೆ ಒತ್ತಿ ತೆಗೆದು, ಅಡುಗೆಮನೆಗೆ ಹೋಗಿ ಹಳೇ ರಂಗೋಲಿ ಡಬ್ಬಿಗೆ ಹಾಕಿ, ಖಾಲಿ ನೀರು ಕುಡಿದು ಬರುತ್ತಿದ್ದೆ. ತಳದಲ್ಲಿ ಗಂಟುಗಟ್ಟಿದ ಪುಡಿ ಉಳಿದಿದ್ದ ಆ ತಗಡಿನ ಡಬ್ಬಿಯನ್ನು ನಾನಲ್ಲದೆ ಯಾರೂ ಮುಟ್ಟುತ್ತಿರಲಿಲ್ಲ. ಕಸದ ಬುಟ್ಟಿಗೆ ಹಾಕೋಣವೆಂದರೆ ಹಸಿ ಕಸ, ಒಣ ಕಸ ಬೇರೆ ಮಾಡುವವನು ಅವನೇ. ಬಿಟ್ಟ ದಿನಗಳ ಲೆಕ್ಕಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಸಣ್ಣ ಚುಕ್ಕಿ ಇಡುತ್ತಿದ್ದೆ.

ಮೊದಲ ಮೂರು ದಿನ ಏನೂ ಆಗಲಿಲ್ಲ. ಅಯ್ಯೋ ಇಷ್ಟೇನಾ, ಇದಕ್ಕೆ ಇಷ್ಟು ಹೆದರಿದೆನಾ ಅಂದುಕೊಂಡೆ. ನಾಲ್ಕನೇ ದಿನ ಬೋರ್ಡಿನಿಂದ ಮಕ್ಕಳ ಕಡೆ ತಿರುಗಿದಾಗ ತಲೆಯೊಳಗೆ ಸಣ್ಣಗೆ ಕರೆಂಟು ಹೊಡೆದಂತಾಯಿತು. ಆಮೇಲೆ ಕಣ್ಣು ಹೊರಳಿಸಿದರೂ ಹಾಗೇ. ಬಗ್ಗಿದರೆ ನೆಲವೇ ಜಾರುತ್ತಿತ್ತು, ನಿದ್ದೆ ಹತ್ತಿದರೆ ಎಂಥೆಂಥದೋ ಕನಸು, ಏಳುವಾಗ ಮೈಯೆಲ್ಲ ಬೆವರು. ಏಳೆಂಟಲ ಐವತ್ತನಾಲ್ಕು ಎಂದ ಹುಡುಗಿಯೊಬ್ಬಳ ಮೇಲೆ ಕಿರುಚಾಡಿ, ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ಮನೆಯಲ್ಲಿ ಎಲ್ಲದಕ್ಕೂ ಬಸುರಿನ ಸಂಕಟ ಎಂಬ ಹೆಸರು ಸಿಕ್ಕಿತು. ನನಗೂ ಅದೇ ಬೇಕಾಗಿತ್ತು. ಆದರೆ ಮೂರನೇ ವಾರದ ಹೊತ್ತಿಗೆ ಹಳೆಯ ಕತ್ತಲೆ ವಾಪಸು ಬಂತು. ಇಂಥ ತಾಯಿ ಈ ಮಗುವಿಗೆ ಯಾಕೆ ಬೇಕು ಎಂದು ಒಂದು ಸಂಜೆ ಅನ್ನಿಸಿದ್ದೂ ನಿಜ. ಹಾಗೆ ಅನ್ನಿಸಿತಲ್ಲ ಎಂದೇ ಹೆದರಿದೆ. ಆದರೂ ಬಾಯಿ ಬಿಡಲಿಲ್ಲ, ಬುದ್ಧಿ ನೋಡಿ ನನ್ನದು.

ಆ ಬುಧವಾರ ಇಪ್ಪತ್ತೆಂಟನೆಯ ದಿನ. ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗೆ ಮೆಟ್ಟಿಲಿಗೆ ಕಬ್ಬಿಣದ ಗೇಟು, ಗೇಟಿನ ಪಕ್ಕದ ಜಗಲಿಯಲ್ಲಿ ಮನೆ ಓನರ್ ಆಂಟಿ. ಕೊರಿಯರ್‌ನವನನ್ನೂ ಊರು, ಹೆಸರು ವಿಚಾರಿಸದೆ ಅವರು ಮೇಲೆ ಬಿಡುವವರಲ್ಲ. ಮಧ್ಯಾಹ್ನ ಊಟ ಮಾಡಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಮಲಗಿದೆ. ಎದ್ದಾಗ ಮೂರೂವರೆ. ಅಂದು ಬೆವರಿರಲಿಲ್ಲ, ಕನಸೂ ಬಿದ್ದಿರಲಿಲ್ಲ. ಚೀಲ ಹೆಗಲಿಗೇರಿಸಿ ಟ್ಯೂಷನ್ನಿಗೆ ಹೊರಡಲು ಚಿಲಕ ತೆಗೆದೆ.

ಹೊಸ್ತಿಲಿನ ಆಚೆ, ಬೆಳಿಗ್ಗೆ ನಾನು ಬಿಟ್ಟಿದ್ದ ರಂಗೋಲಿಯ ಪಕ್ಕದಲ್ಲಿ, ನನ್ನ ಮಾತ್ರೆಗಳಿದ್ದವು. ಚುಕ್ಕಿ ಇಟ್ಟಂತೆ ಜೋಡಿಸಿತ್ತು. ಮೊದಲ ಸಾಲಿನಲ್ಲಿ ಏಳು, ಅದರ ಸಂದಿಗೆ ಸರಿಯಾಗಿ ಆರು, ಆಮೇಲೆ ಐದು, ನಾಲ್ಕು, ಮೂರು, ಎರಡು, ಕೊನೆಗೆ ಒಂದು. ಅಮ್ಮ ನನಗೆ ಚಿಕ್ಕಂದಿನಲ್ಲಿ ಮೊಟ್ಟಮೊದಲು ಕಲಿಸಿದ್ದು ಇದೇ ಏಳರಿಂದ ಒಂದಕ್ಕೆ ಇಳಿಯುವ ಚುಕ್ಕಿ. ಎಳೆ ಎಳೆದಿರಲಿಲ್ಲ. ಮಾತ್ರೆಗಳಿಗೆ ಡಬ್ಬಿಯ ಪುಡಿ ಮೆತ್ತಿಕೊಂಡಿತ್ತು.

ಆ ಹೊತ್ತಿನಲ್ಲೂ ಲೆಕ್ಕದ ಮೇಷ್ಟ್ರ ಬುದ್ಧಿ ಬಿಡಲಿಲ್ಲ. ಎಣಿಸಿದೆ. ಇಪ್ಪತ್ತೆಂಟು. ಒಳಗೆ ಹೋಗಿ ಕ್ಯಾಲೆಂಡರ್ ನೋಡಿದೆ, ಇಪ್ಪತ್ತೇಳು ಚುಕ್ಕಿ. ಅಂದಿನ ಮಾತ್ರೆಯನ್ನು ರಾತ್ರಿ ತಾನೇ ತೆಗೆಯಬೇಕಿತ್ತು? ಸ್ಟ್ರಿಪ್ ತೆಗೆದು ನೋಡಿದರೆ ಅದು ತನ್ನ ಗುಳಿಯಲ್ಲೇ ಭದ್ರವಾಗಿ ಕೂತಿತ್ತು. ಡಬ್ಬಿ ಅದರ ಜಾಗದಲ್ಲೇ ಇತ್ತು, ಮುಚ್ಚಳ ಎಂದಿನಂತೆ ಬಿಗಿ, ಒಳಗೆ ಬರೀ ಪುಡಿ. ನಾನೇ ಇಟ್ಟೆನೇನೋ ಎಂದು ಅಂಗೈ ನೋಡಿಕೊಂಡೆ, ಉಗುರಿನ ಸಂದಿ ನೋಡಿಕೊಂಡೆ. ಎಲ್ಲೂ ರಂಗೋಲಿ ಪುಡಿ ಇರಲಿಲ್ಲ. ಮೆಟ್ಟಿಲಿನಿಂದಲೇ ಬಗ್ಗಿ, ಯಾರಾದರೂ ಬಂದಿದ್ದರಾ ಎಂದು ಆಂಟಿಯನ್ನು ಕೇಳಿದೆ.

"ಯಾರೂ ಬಂದಿಲ್ವಲ್ಲಮ್ಮಾ, ಊಟ ಆದಾಗ್ಲಿಂದ ಇಲ್ಲೇ ಸೊಪ್ಪು ಬಿಡಿಸ್ತಾ ಕೂತಿದೀನಿ. ಯಾಕೆ, ಮುಖ ಹಂಗಿದೆ?"

ಏನಿಲ್ಲ ಎಂದು ವಾಪಸು ಬಂದು ಹೊಸ್ತಿಲ ಮೇಲೆ ಕೂತೆ. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಆ ಸಾಲುಗಳನ್ನು ನೋಡುತ್ತಾ ನೋಡುತ್ತಾ ಒಂದು ತಿಳಿಯಿತು. ಮಾತ್ರೆ ಬಿಡುವಾಗ ನಾನು ಏಳರಿಂದ ನೇರವಾಗಿ ಸೊನ್ನೆಗೆ ಜಿಗಿದಿದ್ದೆ. ನಡುವಿನ ಸಾಲುಗಳೇ ಇರಲಿಲ್ಲ. ಯಾವ ಹೆಂಗಸೂ ಹಾಗೆ ಚುಕ್ಕಿ ಇಡುವುದಿಲ್ಲ. ಅಷ್ಟು ದಿನದ ಅಳು ಒಟ್ಟಿಗೇ ಬಂತು, ತಡೆಯಲಿಲ್ಲ. ಅತ್ತು ಮುಗಿದ ಮೇಲೆ ಮಂಜುಗೆ ಫೋನು ಮಾಡಿ ಬಾ ಎಂದೆ.

ಬಿಟಿಎಂ ಲೇಔಟಿನ ಆಫೀಸಿನಿಂದ ಸ್ಕೂಟರಿನಲ್ಲಿ ಬಂದವನು ಹೆಲ್ಮೆಟ್ಟನ್ನೂ ತೆಗೆಯದೆ ಮಾತ್ರೆಗಳ ಮುಂದೆ ನಿಂತ. ಎಲ್ಲ ಹೇಳಿದೆ. ಬಯ್ಯುತ್ತಾನೆ ಅಂದುಕೊಂಡಿದ್ದೆ.

"ಇಷ್ಟು ದಿನ ನನ್ನ ಪಕ್ಕದಲ್ಲೇ ಮಲ್ಕೊಂಡು ಒಬ್ಳೇ ಒದ್ದಾಡಿದೀಯಲ್ಲೇ" ಎಂದ. ಹೆಲ್ಮೆಟ್ ತೆಗೆದಿಟ್ಟು, "ಬಾಯಲ್ಲಿ ಹೇಳೋಕಾಗ್ದೆ ಹೀಗೆ ಜೋಡಿಸಿ ತೋರಿಸಿದ್ಯಾ?" ಎಂದು ಕೇಳಿದ.

ನಾನು ಜೋಡಿಸಿಲ್ಲ ಎಂದೆ. ಅವನು ನನ್ನ ಪಕ್ಕ ಕೂತು ಒಂದೊಂದೇ ಮಾತ್ರೆ ಎತ್ತಿ ಡಬ್ಬಿಗೆ ಹಾಕಿದ.

ಮರುದಿನ ಬೆಳಿಗ್ಗೆ ಡಬ್ಬಿ ಸಮೇತ ಜಯನಗರದ ಮನೋವೈದ್ಯರ ಮುಂದೆ ಕೂತೆವು. ವಯಸ್ಸಾದವರು, ದನಿ ಎತ್ತದವರು. ಮೂರು ತಿಂಗಳ ಕಟ್ಟುಪಾಡಿನ ಕತೆ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಳಬಾರ್ದು ಅನ್ನೋದು ಊರಿನವರಿಗಮ್ಮಾ. ನನಗೂ ಸೇರಿಸಿಬಿಟ್ರಾ?" ಎಂದರು. ಅಲ್ಲಿಂದಲೇ ಹೆರಿಗೆ ಡಾಕ್ಟರಿಗೆ ಫೋನು ಮಾಡಿ ಮಾತಾಡಿದರು. ಮಾತ್ರೆ ಮತ್ತೆ ಶುರುವಾಯಿತು, ವಾರದೊಳಗೆ ತಲೆಯಲ್ಲಿನ ಕರೆಂಟು ನಿಂತಿತು. ಆಮೇಲೆ ಇಬ್ಬರು ಡಾಕ್ಟರೂ ಸೇರಿ, ನನ್ನನ್ನು ನೋಡಿಕೊಂಡು, ಪ್ರಮಾಣವನ್ನು ಇಷ್ಟಿಷ್ಟೇ ಇಳಿಸುತ್ತಾ ಬಂದರು. ಒಮ್ಮೆ ಸಂಕಟ ಜಾಸ್ತಿಯಾದಾಗ ಹಿಂದಿನ ಸಾಲಿಗೇ ವಾಪಸು ಹೋಗಿ ಎರಡು ವಾರ ನಿಂತೆವು. ಏಳನೇ ತಿಂಗಳಲ್ಲಿ ಪೂರ್ತಿ ನಿಂತಿತು. ಇದು ನನ್ನ ಮಟ್ಟಿಗೆ ಆದದ್ದು. ಬಿಡದೆ ತೆಗೆದುಕೊಳ್ಳಬೇಕಾದವರೂ ಇರುತ್ತಾರೆ, ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಮುಚ್ಚಿಡಬೇಡಿ ಎಂದಷ್ಟೇ ನಾನು ಹೇಳಬಲ್ಲೆ.

ಅಂದು ಡಾಕ್ಟರು ಮಾತ್ರೆಗಳನ್ನು ಮೇಜಿನ ಮೇಲೆ ಸುರಿದು ತಾವೇ ಎಣಿಸಿದ್ದರು. ಇಪ್ಪತ್ತೆಂಟೇ ಇದ್ದವು. ಮಾತ್ರೆ ಥಟ್ಟನೆ ಬಿಟ್ಟವರಿಗೆ ಗಲಿಬಿಲಿ ಆಗುವುದುಂಟು, ಅರೆನಿದ್ದೆಯಲ್ಲಿ ನೀವೇ ಎದ್ದು ಇಟ್ಟಿರಬಹುದು, ಯಾವುದೋ ಒಂದು ದಿನ ಎರಡು ಸಲ ತೆಗೆದಿರಬಹುದು ಎಂದರು. ಇರಬಹುದು. ಆದರೆ ಎರಡು ತೆಗೆದಿದ್ದರೆ ಸ್ಟ್ರಿಪ್ಪಿನಲ್ಲಿ ಒಂದು ಕಡಿಮೆ ಇರಬೇಕಿತ್ತಲ್ಲ? ಅದನ್ನು ಕೇಳಿದಾಗ ಅವರು ನಕ್ಕು ಮಾತ್ರೆಗಳನ್ನು ಡಬ್ಬಿಗೆ ವಾಪಸು ತುಂಬಿದರು. ಅತ್ತೆಯನ್ನು ಕೇಳಿದರೆ ಮನೆದೇವರು ಎನ್ನುತ್ತಾರೆ. ಮಂಜು ಈಗಲೂ ನಾನೇ ಇಟ್ಟದ್ದು ಎಂದೇ ನಂಬಿದ್ದಾನೆ. ಅವನಿಗೆ ಅದರಲ್ಲಿ ಏನೋ ಸಮಾಧಾನವಿದೆ, ಇರಲಿ ಬಿಡಿ.

ನನ್ನ ತೊಡಕು ಇನ್ನೊಂದಿದೆ. ನನ್ನ ಚುಕ್ಕಿ ಯಾವತ್ತೂ ನೇರ ಬರುವುದಿಲ್ಲ. ಎಷ್ಟೇ ಎಚ್ಚರದಿಂದ ಇಟ್ಟರೂ ಸಾಲು ಎಡಕ್ಕೆ ವಾಲುತ್ತದೆ. ಮದುವೆಯಾದ ಹೊಸತರಲ್ಲೇ ಅತ್ತೆ, "ಏನೇ ಇದು, ಬಸ್ ಸ್ಟಾಪಲ್ಲಿ ನಿಂತ ಜನದ ಥರ ಇದೆ ನಿನ್ನ ಚುಕ್ಕಿ" ಎಂದು ರೇಗಿಸಿದ್ದರು. ಆ ಮಧ್ಯಾಹ್ನದ ಸಾಲುಗಳು ಸ್ಕೇಲು ಇಟ್ಟ ಹಾಗೆ ಇದ್ದವು. ಬಗ್ಗಿದರೆ ನೆಲ ಜಾರುತ್ತಿದ್ದ ದಿನಗಳವು.

ನನ್ನ ಮಗಳಿಗೆ ಈಗ ಮೂರು ವರ್ಷ ದಾಟಿದೆ. ಬೆಳಿಗ್ಗೆ ನಾನು ರಂಗೋಲಿ ಬಿಡುವಾಗ ಹೊಸ್ತಿಲ ಮೇಲೆ ಕೂತು ಅಧಿಕಾರಿಯ ಹಾಗೆ ನೋಡುತ್ತಿರುತ್ತಾಳೆ. ಅವಳು ಹುಟ್ಟಿದಾಗಿನಿಂದ ಎಷ್ಟೋ ಸಲ ಅದೇ ಚುಕ್ಕಿ ಇಟ್ಟು ನೋಡಿದ್ದೇನೆ. ಉಸಿರು ಬಿಗಿಹಿಡಿದು, ನಿಧಾನವಾಗಿ, ಏಳು, ಆರು, ಐದು. ಇವತ್ತು ಬೆಳಿಗ್ಗೆಯೂ ಇಟ್ಟೆ. "ಅಮ್ಮಾ, ಸೊಟ್ಟ" ಎಂದಳು ಮಗಳು. ಹೌದು, ಎಡಕ್ಕೇ ವಾಲಿತ್ತು.