ನಾಗಪುರದಿಂದ ನಾಲ್ಕು ಗಂಟೆ

ಇದನ್ನು ನಂಬಿ ಎಂದು ನಾನು ಯಾರ ಕಾಲಿಗೂ ಬೀಳುವುದಿಲ್ಲ. ನಾನು ಲೆಕ್ಕದ ಮನುಷ್ಯ. ದೆವ್ವ ಗಿವ್ವ ಅಂದರೆ ರೇಗುತ್ತಿದ್ದವನು. ಆದರೆ ಆ ರಾತ್ರಿ ಈ ಎರಡು ಕಿವಿಗಳಿಂದ ಕೇಳಿದ್ದನ್ನು ಸುಳ್ಳು ಅನ್ನಲು ಬಾಯಿ ಬರುವುದಿಲ್ಲ.

ಐವತ್ತರ ದಶಕ. ಯಲಹಂಕದ ಆಚೆ ಬಯಲಿನಲ್ಲಿದ್ದ ಒಂದು ಸಣ್ಣ ವಿಮಾನ ನೆಲೆಯಲ್ಲಿ ನಾನು ವೈರ್‌ಲೆಸ್ ಆಪರೇಟರ್. ನಾಗಪುರದಿಂದ ಟಪಾಲು ವಿಮಾನ ಹೊರಟ ಸುದ್ದಿ ಬಂದ ಕೂಡಲೇ ಲೆಕ್ಕ ಹಾಕಬೇಕು: ಸುಮಾರು ಆರುನೂರು ಮೈಲಿ, ನಾಲ್ಕು ಗಂಟೆ. ಇಳಿಯುವ ಅರ್ಧ ಗಂಟೆ ಮುಂಚೆ ರನ್‌ವೇ ಪಕ್ಕ ಸೀಮೆಎಣ್ಣೆ ದೀಪಗಳನ್ನು ಸಾಲಾಗಿ ಹಚ್ಚಬೇಕು. ರಾತ್ರಿ ಪಾಳಿಗೆ ಇದ್ದವರು ಇಬ್ಬರೇ, ನಾನು ಮತ್ತು ಹುಣಸಮಾರನಹಳ್ಳಿಯ ಮುನಿಯಪ್ಪ.

ಆ ರಾತ್ರಿ ವಿಮಾನದಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದವನು ನನ್ನ ತಂಗಿ ಕಮಲಳ ಗಂಡ, ನಾಗರಾಜ. ಹತ್ತಕ್ಕೆ ಹೊರಡಬೇಕಿತ್ತು. ಹನ್ನೊಂದಾದರೂ ಹೊರಟ ಸುದ್ದಿ ಇಲ್ಲ.

ಆಗ ಹೆಡ್‌ಫೋನಿನಲ್ಲಿ ಕರಕರ ಸದ್ದು... ಅದರ ಹಿಂದೆ ನಾಗರಾಜನ ದನಿ.

"ಭಾವ... ನಿಮ್ಮ ತಲೆ ಮೇಲೇ ಇದ್ದೀವಿ. ದೀಪ ಹಚ್ಚಿಸಿ. ಏನೂ ಕಾಣ್ತಿಲ್ಲ..."

ಹೊರಗೆ ಗುಂಯ್ ಎಂದು ಇಂಜಿನ್ ಸದ್ದು ಸುತ್ತುತ್ತಿತ್ತು. ಮುನಿಯಪ್ಪ ಓಡಿ ಬಂದ.

"ಸ್ವಾಮಿ, ಇಮಾನ ಬಂದ್ಬುಡ್ತು! ದೀಪ ಅಚ್ಚೇ ಇಲ್ವಲ್ಲ!"

ಬೇಗ ಹೊರಟಿರಬೇಕು, ಸುದ್ದಿ ನನಗೆ ತಪ್ಪಿರಬೇಕು ಅಂದುಕೊಂಡೆ. ಲೆಕ್ಕವನ್ನೂ ಹಾಕಲಿಲ್ಲ, ನಾಗಪುರವನ್ನು ಒಂದು ಮಾತೂ ಕೇಳಲಿಲ್ಲ. ಹೆಡ್‌ಫೋನ್ ಬಿಸಾಡಿ, ಬೆಂಕಿಪೊಟ್ಟಣ ಹಿಡಿದು ಅವನ ಜೊತೆ ನಾನೂ ಓಡಿದೆ.

ಒಂದೊಂದೇ ದೀಪ ಹೊತ್ತಿಕೊಂಡಿತು. ಸೀಮೆಎಣ್ಣೆ ಹೊಗೆಗೆ ಗಂಟಲು ಕಟ್ಟಿತು. ಸದ್ದು ನೆತ್ತಿಯ ಮೇಲೇ ಇತ್ತು... ತಲೆ ಎತ್ತಿದರೆ ಬರೀ ನಕ್ಷತ್ರ. ಚೂರು ಮೋಡವೂ ಇಲ್ಲ, ವಿಮಾನವೂ ಇಲ್ಲ. ಕೊನೆಯ ದೀಪ ಹಚ್ಚಿದ್ದೇ ತಡ, ಸದ್ದು ಗಪ್ಪೆಂದು ನಿಂತುಹೋಯಿತು.

"ಎಲ್ಗೋಯ್ತು ಸ್ವಾಮಿ?" ಮುನಿಯಪ್ಪ ಪಿಸುಗುಟ್ಟಿದ.

ಒಳಗೆ ಓಡಿ ಹೆಡ್‌ಫೋನ್ ಹಾಕಿಕೊಂಡೆ. ನಾಗಪುರದವನು ಕರೆಯುತ್ತಲೇ ಇದ್ದ. ಅವನು ಕಳಿಸಿದ್ದನ್ನು ಬರೆದುಕೊಂಡೆ. ಇಂಜಿನ್ ರಿಪೇರಿಯಿಂದ ತಡವಾಯಿತು, ವಿಮಾನ ಈಗ ತಾನೇ ಹೊರಟಿತು ಎಂದಿದ್ದ.

"ವಾಪಸ್ ಕರೆಸಿ" ಎಂದು ಮೋರ್ಸ್ ಕೀಲಿ ಕುಟ್ಟಿದೆ. ಮತ್ತೆ ಮತ್ತೆ ಕುಟ್ಟಿದೆ. ಅವರೂ ಕರೆದರು. ವಿಮಾನದಿಂದ ಉತ್ತರವೇ ಇಲ್ಲ.

ಆರುನೂರು ಮೈಲಿ ಆಚೆ ಇರುವುದಕ್ಕೆ ನಾನೇನು ಮಾಡಲಿ? ದೀಪ ಆರದಂತೆ ಎಣ್ಣೆ ಸುರಿಯುತ್ತ ಕೂತೆವು, ಅಷ್ಟೇ. ಮೂರೂವರೆ ಆಯಿತು... ನಾಲ್ಕೂವರೆ ಆಯಿತು... ಕೋಳಿ ಕೂಗಿತು. ಆ ವಿಮಾನ ಎಲ್ಲೂ ಇಳಿಯಲೇ ಇಲ್ಲ.

ದೀಪ ಹಚ್ಚಲು ನಮಗೆ ಇಪ್ಪತ್ತು ನಿಮಿಷ ಹಿಡಿದಿತ್ತು. ಆ ಇಪ್ಪತ್ತು ನಿಮಿಷವೂ ಅದು ನಾಗಪುರದ ನೆಲದ ಮೇಲೇ ನಿಂತಿತ್ತು. ಕೂತ ಜಾಗದಿಂದ ಏಳದೆ ಒಂದು ಮಾತು ಕೇಳಿದ್ದರೆ ಹೊರಡದಂತೆ ತಡೆಯಬಹುದಿತ್ತೇನೋ. ಅಯ್ಯೋ, ನನ್ನ ಬುದ್ಧಿಗಿಷ್ಟು!

ಕಮಲ ಇವತ್ತಿಗೂ ಕೇಳುತ್ತಾಳೆ. "ಅಣ್ಣಾ, ಕೊನೇಲಿ ನಿನ್ ಹತ್ರ ಏನಾದ್ರೂ ಮಾತಾಡಿದ್ರಾ?"

"ಇಲ್ಲ ಕಣಮ್ಮ" ಅನ್ನುತ್ತೇನೆ.

ಮಾತಾಡಿದ, ಆಗಿನ್ನೂ ಅವನು ಬದುಕಿದ್ದ ಎಂದು ಅವಳಿಗೆ ಹೇಗೆ ಹೇಳಲಿ?