ಸ್ಪೀಕರಿನಲ್ಲಿ ಅತ್ತಿಗೆಯ ಸೋಬಾನೆ

ಕಳೆದ ಮಾಘದ ಒಂದು ಭಾನುವಾರ, ಬೆಳಗ್ಗೆ ಏಳು ಗಂಟೆ, ಮಧುಗಿರಿಯ ನಮ್ಮ ಬೀದಿಯ ಸಮುದಾಯ ಭವನ. ಹಾಜರಿದ್ದವರು: ಅರಿಶಿನ ಶಾಸ್ತ್ರಕ್ಕೆ ಕೂತ ಮದುಮಗಳು, ಅವಳ ಸೋದರಮಾವ, ಎರಡೂ ಕಡೆಯ ಹೆಂಗಸರು, ಸ್ಪೀಕರಿನವನು, ವಿಡಿಯೋದವನು, ನನ್ನ ಅತ್ತಿಗೆ, ನಾನು. ಮದುಮಗಳು ಅತ್ತಿಗೆಯ ಮಗಳ ಮಗಳು. ಸೋದರಮಾವ ಅತ್ತಿಗೆಯ ಸ್ವಂತ ಮಗ. ಉಸ್ತುವಾರಿ ನನ್ನದು. ಶಾಸ್ತ್ರದ ವೇಳೆಯಲ್ಲಿ ಅತ್ತಿಗೆಯ ಪದಕ್ಕೆಂದು ಅರ್ಧ ಗಂಟೆ ತೆಗೆದಿಟ್ಟಿದ್ದೆ.

ಅತ್ತಿಗೆ ಬುಕ್ಕಾಪಟ್ಟಣದವರು. ಸಿರಾ ಸೀಮೆಯ ಮದುವೆ ಮನೆಗಳವರು ವೀಳ್ಯ ಕೊಟ್ಟು ಸೋಬಾನೆಗೆ ಕರೆಯುತ್ತಿದ್ದುದು ಅವರನ್ನೇ. ಕೆಲವು ವರ್ಷದ ಹಿಂದೆ ಕೊಳಾಲದ ಮದುವೆಯೊಂದರಲ್ಲಿ ಯಾರೋ ಅವರ ಪದವನ್ನು ಮೊಬೈಲಿನಲ್ಲಿ ಹಿಡಿದು ನೆಟ್ಟಿಗೆ ಹಾಕಿದರು. ಲಕ್ಷಗಟ್ಟಲೆ ಜನ ಕೇಳಿದ್ದಾರಂತೆ. ಮದುವೆ ಮನೆಗಳಲ್ಲಿ ಅದನ್ನೇ ಸ್ಪೀಕರಿಗೆ ಹಾಕತೊಡಗಿದರು, ವೀಳ್ಯ ಬರುವುದು ನಿಂತಿತು. ಮೊಮ್ಮಗಳ ಮದುವೆಗಾದರೂ ತಾವೇ ಹಾಡಬೇಕೆಂದು ತಿಂಗಳಿಂದ ಮಜ್ಜಿಗೆ ಬಿಟ್ಟು ಗಂಟಲು ಕಾಪಾಡಿಕೊಂಡಿದ್ದರು.

ಅವರು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸ್ಪೀಕರಿನಲ್ಲಿ ಅವರದೇ ದನಿ ಎದ್ದಿತು.

"ನಿಂದೇ ಪದ ಕಣಜ್ಜಿ, ಸುಮ್ನೆ ಕುಂತ್ಕಂಡು ಕೇಳು," ಎಂದ ಸ್ಪೀಕರಿನವನು.

"ನಾನಿನ್ನೂ ಬದುಕಿವ್ನಿ ಕಣ್ಲಾ!"

ಹೆಂಗಸರು ನಕ್ಕರು.

ನಮ್ಮಲ್ಲಿ ಪದದೊಳಗೆ ಸೋದರಮಾವನ ಊರು ಹೇಳಿ ಕರೆಯಬೇಕು. ಆಗ ಅವನು ಮುಂದೆ ಬಂದು ಮೊದಲ ಅರಿಶಿನ ಹಚ್ಚಬೇಕು. ಸ್ಪೀಕರು ಕರೆದದ್ದು ಕೊಳಾಲದ ಮಾವನನ್ನು. ಅತ್ತಿಗೆಯ ಮಗ ಬಟ್ಟಲು ಹಿಡಿದು ನಿಂತೇಬಿಟ್ಟ.

"ಯಾಕ್ಲಾ ನಿಂತ್ಕಂಡೆ? ನಿಮ್ಮವ್ವನೇ ಕರೀತಾವ್ಳೆ, ಹೋಗು!" ಎಂದಳು ಹೆಂಗಸರಲ್ಲೊಬ್ಬಳು.

"ನನ್ನಲ್ಲ ಕಣಮ್ಮ, ಇನ್ಯಾವನ್ನೋ ಕರೀತಾವ್ಳೆ."

ಸ್ಪೀಕರಿನವನಿಗೆ ನಿಲ್ಲಿಸಲು ಹೇಳಿದೆ. "ವಿಡಿಯೋ ಓಡ್ತಾ ಐತೆ ಸಾರ್, ಮಧ್ಯ ನಿಲ್ಸಿದ್ರೆ ಎಲ್ಲಾ ಕೆಟ್ಟೋಯ್ತದೆ," ಎಂದ. ಮೂವತ್ತೈದು ವರ್ಷ ಶಾಲೆಯ ಗಂಟೆಯನ್ನು ನಿಮಿಷ ತಪ್ಪದಂತೆ ಹೊಡೆಸಿದವನು ನಾನು. ನನ್ನ ಮಾತಿಗೆ ಅಲ್ಲಿ ಒಂದು ಗುಂಡಿಯೂ ಅಲುಗಲಿಲ್ಲ.

ಅತ್ತಿಗೆ ಎದ್ದು ನಿಂತು ಮಗನ ಊರಾದ ಬುಕ್ಕಾಪಟ್ಟಣದ ಹೆಸರು ಹಿಡಿದು ಹಾಡಿದರು. ಪಕ್ಕದಲ್ಲೇ ಇದ್ದ ನನಗೆ ತುಟಿ ಕಂಡಿತೇ ಹೊರತು ದನಿ ಕೇಳಲಿಲ್ಲ. ಮಗ ತಾಯಿಯ ಮುಖ ನೋಡಿ ಹೆಜ್ಜೆಯಿಟ್ಟ. ಅಷ್ಟರಲ್ಲಿ ಗಂಡಿನ ಕಡೆಯವರು ಅರಿಶಿನ ಹಚ್ಚಿಯಾಗಿತ್ತು.

ಆಮೇಲೆ ಹುಡುಗಿಯರು ಅವರ ಸುತ್ತ ನಿಂತು ಫೋಟೋ ತೆಗೆಸಿಕೊಂಡರು. "ಫೇಮಸ್ಸು ಕಣಜ್ಜಿ ನೀನು!"

ಮದುವೆ ಮುಗಿದು ಸಂಜೆ ಬಸ್ಸಿಗೆ ಕಾಯುವಾಗ ಅತ್ತಿಗೆ ಕೇಳಿದರು: "ಕೇಳ್ದೋರು ಏನಾರ ಬರ್ದವ್ರಾ?"

ಮೊಬೈಲಿನಲ್ಲಿ ಆ ಪದ ತೆಗೆದು, ಕೆಳಗೆ ಜನ ಬರೆದದ್ದನ್ನು ಓದಿದೆ. ಸೂಪರ್, ಅದ್ಭುತ, ಕೈಮುಗಿದ ಚಿತ್ರಗಳು.

"ಅದಲ್ಲ. ಆ ಕೊಳಾಲದ ಹೆಣ್ಣು ಈಗ ಹೆಂಗವ್ಳೆ ಅಂತ ಯಾರಾನ ಬರ್ದವ್ರಾ? ಮೊದ್ಲು ನಾನು ಹಾಡಿದ್ ಮನೆಯೋರು ಸಂತೇಲಿ ಸಿಕ್ಕಿ ಹೇಳೋರು, ಮಗು ಆಯ್ತು ಕಣಮ್ಮ, ಸಂದಾಕವ್ಳೆ ಅಂತ."

ಕೊನೆಯವರೆಗೂ ಸರಿಸಿ ನೋಡಿದೆ. ಇರಲಿಲ್ಲ. ಇಲ್ಲವೆಂದೆ.

ಸಿರಾ ಬಸ್ಸು ಬಂತು, ಹತ್ತಿಸಿದೆ. ಭವನಕ್ಕೆ ಮರಳಿ ಜಮಖಾನೆ ಸುತ್ತಿಟ್ಟು, ನೆಲಕ್ಕೆ ಅಂಟಿದ ಅರಿಶಿನ ತೊಳೆಸಿ, ಬೀಗ ಹಾಕಿ, ಕೀಲಿಯನ್ನು ಕಾವಲುಗಾರನ ಕೈಗೆ ಕೊಟ್ಟೆ.