ಉಳಿದ ಒಂದು ಜೊತೆ ಚಪ್ಪಲಿ

ನಾನು ಅವರನ್ನು ಮೊದಲು ನೋಡಿದ್ದು ವಿದ್ಯುತ್ ಇಲಾಖೆಯಲ್ಲಿ ಕಿರಿಯ ಇಂಜಿನಿಯರಾಗಿ ಕೆಲಸಕ್ಕೆ ಸೇರಿದ ಒಂಬತ್ತನೆಯ ದಿನ, ಬೆಳಗಿನ ಹತ್ತೂವರೆಗೆ. ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿಕೊಂಡು ಕೂತಿದ್ದರು. ಐವತ್ತು ದಾಟಿದ ಮುಖ. ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ತೊಡೆಯ ಮೇಲೆ ಬಟ್ಟೆಯ ಚೀಲ, ಅದರೊಳಗೆ ಕರೆಂಟು ನಿಲ್ಲಿಸಲು ಆ ಬೀದಿಯ ಲೈನಿನಿಂದ ಕಿತ್ತಿಟ್ಟ ಮೂರು ಫ್ಯೂಸು. ಎದುರಿಗೆ ನೆಲದ ಮೇಲೆ ಸಾಲಾಗಿ ಮೂರು ಜೊತೆ ಚಪ್ಪಲಿ.

“ಏನಣ್ಣ, ಚಪ್ಪಲಿ ಅಂಗಡಿ ಇಟ್ಟಿದ್ದೀರಾ?” ಎಂದೆ.

“ಮಾರೋಕಲ್ಲ ಸರ್. ಇವು ಮೂರು ಜನ,” ಎಂದರು. ನಗಲಿಲ್ಲ.

ಕಂಬ ಹತ್ತುವವರು ಬೂಟು ಹಾಕಿಕೊಂಡು, ತಮ್ಮ ಚಪ್ಪಲಿಯನ್ನು ಅವರ ಮುಂದೆ ಬಿಟ್ಟು ಹೋಗಬೇಕು. ಇಳಿದವನು ತನ್ನದನ್ನು ತಾನೇ ಬಂದು ತೆಗೆದುಕೊಳ್ಳಬೇಕು. ಕೊನೆಯ ಜೊತೆ ಹೋಗುವ ತನಕ ಫ್ಯೂಸು ಚೀಲದಿಂದ ಹೊರಗೆ ಬರುವುದಿಲ್ಲ. ಇದು ಯಾವ ಪುಸ್ತಕದಲ್ಲೂ ಇಲ್ಲದ, ಅವರೇ ಮಾಡಿಕೊಂಡ ನಿಯಮ. ಅದಕ್ಕೇ ಲೈನ್‌ಮನ್‌ಗಳು ಅವರನ್ನು ಚಪ್ಪಲಿಯಣ್ಣ ಎಂದು ಕರೆಯುತ್ತಿದ್ದರು.

ಹನ್ನೊಂದಕ್ಕೆ ಕರೆಂಟು ಕೊಡುತ್ತೇವೆಂದು ಬೀದಿಯವರಿಗೆ ತಿಳಿಸಿದ್ದೆವು. ಹನ್ನೊಂದೂಕಾಲಾದರೂ ಕೆಲಸ ಮುಗಿದಿರಲಿಲ್ಲ. ಆಗ ಒಬ್ಬ ಬರಿಗಾಲಿನಲ್ಲಿ ಓಡಿ ಬಂದ.

“ಕರೆಂಟು ಹಾಕ್ರಿ! ನಮ್ಮಮ್ಮ ಆಕ್ಸಿಜನ್ ಮಿಷಿನ್ ಮೇಲಿದ್ದಾರೆ. ಬ್ಯಾಟರಿ ಕೂಗ್ತಾ ಇದೆ. ಇನ್ನು ಹತ್ತು ನಿಮಿಷ ಬಂದ್ರೆ ಹೆಚ್ಚು!”

ಅಷ್ಟರಲ್ಲಿ ತಿರುವಿನಿಂದ ಇಬ್ಬರು ಲೈನ್‌ಮನ್‌ಗಳು ಬಂದರು. “ಆಯ್ತು ಸರ್, ಎಲ್ಲಾ ಇಳಿದ್ವಿ,” ಎನ್ನುತ್ತಾ ತಮ್ಮ ಚಪ್ಪಲಿ ಎತ್ತಿಕೊಂಡರು.

“ಅಣ್ಣ, ಫ್ಯೂಸ್ ಹಾಕಿ,” ಎಂದೆ.

ಅವರು ನೆಲ ನೋಡಿದರು. “ಇನ್ನೊಂದು ಜೊತೆ ಇದೆ ಸರ್.”

“ಅವನು ನಮಗಿಂತ ಮುಂಚೆನೇ ಇಳಿದ. ಆ ಕಡೆ ಟೀ ಕುಡಿಯೋಕೆ ಹೋಗಿರ್ತಾನೆ,” ಎಂದ ಒಬ್ಬ ಲೈನ್‌ಮನ್. ಫೋನ್ ಮಾಡಿದೆವು. ರಿಂಗಾಯಿತು, ಯಾರೂ ಎತ್ತಲಿಲ್ಲ.

“ನಮ್ಮಮ್ಮ ಅಲ್ಲಿ ಉಸಿರು ಕಟ್ಟಿ ಸಾಯ್ತಿದ್ರೆ ನೀನಿಲ್ಲಿ ಚಪ್ಪಲಿ ಕಾಯ್ತೀಯೇನೋ!” ಮಗ ಅವರ ಕೆನ್ನೆಗೆ ಹೊಡೆದೇಬಿಟ್ಟ. ಚೀಲಕ್ಕೂ ಕೈ ಹಾಕಿದ. ಅವರು ಎರಡೂ ಕೈಯಿಂದ ಅದನ್ನು ಎದೆಗವಚಿಕೊಂಡರು.

ನನಗೂ ಸಿಟ್ಟು ಬಂತು. ಒಂದು ಜೀವ ಹೋಗುತ್ತಿದೆ, ಇವರದು ಎಂಥ ಹಟ ಅನ್ನಿಸಿತು. “ನಾನು ಹೇಳ್ತಿದ್ದೀನಿ, ಹಾಕಿ. ಜವಾಬ್ದಾರಿ ನಂದು.”

“ಸರ್, ನೀವು ದೊಡ್ಡೋರು. ಆದ್ರೆ ಚಪ್ಪಲಿ ಇಲ್ಲೇ ಇದೆಯಲ್ಲ,” ಎಂದರು. “ಹಿಂದಿನ ರಸ್ತೆ ಕ್ಲಿನಿಕ್‌ನಲ್ಲಿ ಸಿಲಿಂಡರ್ ಇರುತ್ತೆ. ನಮ್ಮ ಜೀಪ್ ತಗೊಂಡು ಇವರ ಜೊತೆ ಹೋಗಿ. ನಾನು ಇಲ್ಲಿಂದ ಏಳಲ್ಲ. ಬೇಗ ಹೋಗಿ ಸರ್!”

ಬೇರೆ ದಾರಿ ಕಾಣಲಿಲ್ಲ. ಮಗನನ್ನು ಕೂರಿಸಿಕೊಂಡು ಹೊರಟೆ. ಬೀದಿಯ ಕೊನೆಯಲ್ಲಿ ಜೀಪು ತಿರುಗುವಾಗ ಎತ್ತರದ ಗೋಡೆಯ ಹಿಂದಿನ ಕಂಬ ಕಣ್ಣಿಗೆ ಬಿತ್ತು. ಮೂರನೆಯವನು ಅದರ ಮೇಲಿದ್ದ. ಸಡಿಲವಾದ ತಂತಿಯೊಂದನ್ನು ಕಂಡು ಮತ್ತೆ ಹತ್ತಿದ್ದನಂತೆ. ಎರಡೂ ಕೈ ತಂತಿಯ ಮೇಲಿದ್ದವು. ಫೋನು ಕೆಳಗಿನ ಚೀಲದಲ್ಲಿ ಬಡಿದುಕೊಳ್ಳುತ್ತಿತ್ತಂತೆ. ಮಗನೂ ತಲೆಯೆತ್ತಿ ನೋಡಿದ.

ಸಿಲಿಂಡರ್ ತಂದಾಗ ಮಿಷಿನ್ ಆಗಲೇ ನಿಂತಿತ್ತು. ಆ ತಾಯಿ ಹಾಸಿಗೆಯ ಅಂಚು ಹಿಡಿದು ಕೂತಿದ್ದರು, ತುಟಿ ನೀಲಿಯಾಗಿತ್ತು. ಜೊತೆಗೆ ಬಂದಿದ್ದ ಕ್ಲಿನಿಕ್ಕಿನ ನರ್ಸ್ ನಳಿಕೆ ಜೋಡಿಸಿದ ಮೇಲೆ, ತುಟಿಗೆ ಬಣ್ಣ ಮರಳುವುದನ್ನು ನಾನು ಗೋಡೆಗೊರಗಿ ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಮನೆಯ ದೀಪ ಹತ್ತಿತು. ಕೊನೆಯ ಚಪ್ಪಲಿ ಹೋಯಿತೆಂದು ಗೊತ್ತಾಯಿತು.

ಮರಳಿ ಬಂದಾಗ ಅವರ ಕೆನ್ನೆಯ ಮೇಲೆ ಬೆರಳಿನ ಗುರುತು ಇನ್ನೂ ಇತ್ತು. ಮೊದಲು ಕೇಳಿದ್ದು, “ಅಮ್ಮ ಹೇಗಿದ್ದಾರೆ ಸರ್?”

ಪೊಲೀಸರಿಗೆ ದೂರು ಕೊಡೋಣವೆಂದೆ.

“ಬಿಡಿ ಸರ್. ಅವರ ಜಾಗದಲ್ಲಿ ನಾನಿದ್ದಿದ್ರೆ ಎರಡು ಬಿಡ್ತಿದ್ದೆ.” ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು, “ಈ ಬೆರಳು ಹೋದ ದಿನಾನೂ ಯಾರೋ ಎಲ್ಲಾ ಇಳಿದ್ರು ಅಂದಿದ್ರು. ಅದಕ್ಕೇ ಬಾಯಿ ಮಾತು ನಂಬಲ್ಲ. ಆದ್ರೆ ಇವತ್ತು ತಪ್ಪು ನಂದೂ ಇದೆ. ಮೇಲೆ ಹತ್ತಿದೋರನ್ನ ಎಣಿಸಿದೆ. ಮನೆ ಒಳಗೆ ಮಲಗಿದೋರನ್ನ ಎಣಿಸಲಿಲ್ಲ.”

ನನ್ನ ಆದೇಶದ ಬಗ್ಗೆ ಅವರು ಅಂದೂ ಏನೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಮೂರನೆಯವನಿಗೆ ಅದನ್ನು ನಾನೇ ಹೇಳಿದೆ. ಅವನು, “ಊಟಕ್ಕೆ ಹೋಗೋಣ ಸರ್,” ಎಂದ.

ಇದಾಗಿ ಆರು ವರ್ಷವಾಯಿತು. ಈಗ ಕರೆಂಟು ತೆಗೆಯುವ ಹಿಂದಿನ ದಿನ ಸಂಜೆ ಚಪ್ಪಲಿಯಣ್ಣ ಆ ಬೀದಿಯ ಪ್ರತಿ ಮನೆಯ ಬಾಗಿಲು ತಟ್ಟಿ, “ಮಿಷಿನ್ ಮೇಲೆ ಯಾರಾದ್ರೂ ಇದ್ದಾರಾಮ್ಮ?” ಎಂದು ಕೇಳುತ್ತಾರೆ. ಇದ್ದರೆ ಬೆಳಗ್ಗೆ ಆ ಮನೆಗೆ ಸಿಲಿಂಡರ್ ತಲುಪಿಸಿ, ಆಮೇಲೆ ಬಂದು ಫ್ಯೂಸು ಕೀಳುತ್ತಾರೆ. ಪೆಟ್ಟಿಗೆ ಬೋರಲು ಹಾಕಿ, ಚಪ್ಪಲಿಗಳ ಎದುರು ಕೂರುತ್ತಾರೆ.